ವಾಹನದಲ್ಲಿ ಅಲ್ಲಾಡುವ ಲಸಿಕೆ ಫ್ರಿಜ್: ಬಿಗಿ ಮಾಡುವುದು ಹೇಗೆ?



ಕಾಲುಬಾಯಿ ಜ್ವರದ ಲಸಿಕೆಯಾಗಲಿ, ಗಳಲೆ ರೋಗದ ಲಸಿಕೆಯಾಗಲಿ, ತಯಾರಾದ ಸ್ಥಳದಿಂದ ಹೊರಟು ನಿಮ್ಮ ಹಸುವಿನ ಕುತ್ತಿಗೆಯ ಮಾಂಸಖಂಡ ಸೇರುವವರೆಗೆ 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲೇ ಇರಬೇಕು. ಇದಕ್ಕೆ ಶೀತಲ ಸರಪಳಿ ಎನ್ನುತ್ತೇವೆ. ಈ ಸರಪಳಿಯ ಕೊನೆಯ ಕೊಂಡಿ ನಮ್ಮ ಹಳ್ಳಿ ರಸ್ತೆಯ ಮೇಲೆ ಓಡುವ ವಾಹನ. ಆಸ್ಪತ್ರೆಯ ಫ್ರಿಜ್ ಬಗ್ಗೆ, ವಿದ್ಯುತ್ ಹೋದಾಗ ಏನು ಮಾಡಬೇಕೆಂಬ ಬಗ್ಗೆ ಎಷ್ಟೋ ಬಾರಿ ತಿಳಿಸಲಾಗಿದೆ. ಆದರೆ ವ್ಯಾನಿನೊಳಗೆ ಕೂರಿಸಿದ ಫ್ರಿಜ್ ಗಟ್ಟಿಯಾಗಿ ನಿಂತಿದೆಯೇ ಎಂದು ನೋಡುವವರು ಕಡಿಮೆ.

2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಜ್ವರ ಹಬ್ಬಿ ಸಾವಿರಾರು ರಾಸುಗಳು ಸತ್ತದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಬದುಕಿ ಉಳಿದ ಹಸುಗಳಲ್ಲೂ ಎಷ್ಟೋ ಮೊದಲಿನಷ್ಟು ಹಾಲು ಕೊಡಲಿಲ್ಲ. ಬಿಸಿಲಿಗೆ ತೇಕುತ್ತಾ, ಬೆದೆಗೆ ಬಾರದೆ ಕೊಟ್ಟಿಗೆಗೆ ಭಾರವಾದವು. 2019ರಿಂದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತಿದೆ. ಉಚಿತವಾದ ಮಾತ್ರಕ್ಕೆ ಅದು ಕೆಡುವುದಿಲ್ಲವೆಂದಲ್ಲ. ಕೆಟ್ಟ ಲಸಿಕೆಯ ತೊಂದರೆಯೆಂದರೆ ಅದು ನೋಡುವುದಕ್ಕೆ ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ. ಚುಚ್ಚಿದ ದಿನ ಹಸು ಸ್ವಲ್ಪ ಮಂಕಾಗುತ್ತದೆ, ಒಂದೆರಡು ದಿನ ಹಾಲು ಕಡಿಮೆಯಾಗುತ್ತದೆ, ಕಿವಿಯೋಲೆಯ ಸಂಖ್ಯೆ ಪುಸ್ತಕದಲ್ಲಿ ದಾಖಲಾಗುತ್ತದೆ. ಲಸಿಕೆ ಸತ್ತಿತ್ತೆಂಬುದು ತಿಳಿಯುವುದು ರೋಗ ಊರಿಗೆ ಬಂದ ಮೇಲೆ.

ಕುಲುಕಾಟದಿಂದ ಆಗುವುದೇನು?

ಸ್ವಲ್ಪ ಕುಲುಕಿದ ಮಾತ್ರಕ್ಕೆ ಲಸಿಕೆ ಕೆಡುವುದಿಲ್ಲ. ಹಾನಿ ಬರುವುದು ಬೇರೆ ದಾರಿಗಳಿಂದ.

ಮೊದಲನೆಯದು ಬಾಗಿಲು. ಮನೆಬಳಕೆಯ ಫ್ರಿಜ್ಜಿನ ಬಾಗಿಲನ್ನು ಹಿಡಿದಿಡುವುದು ಅಂಚಿನ ರಬ್ಬರಿನೊಳಗಿನ ಅಯಸ್ಕಾಂತ ಮಾತ್ರ. ಅಡಿಗೆಮನೆಗೆ ಅಷ್ಟು ಸಾಕು. ತಿರುವಿನಲ್ಲಿ ಫ್ರಿಜ್ ವಾಲಿದರೆ ಒಳಗಿನ ಬಾಟಲಿಗಳ ಭಾರಕ್ಕೇ ಬಾಗಿಲು ಬಿಚ್ಚುತ್ತದೆ. ಒಂದು ಬೆರಳಿನಷ್ಟು ತೆರೆದುಕೊಂಡರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಮುಚ್ಚಿದ ವ್ಯಾನಿನೊಳಗಿನ ಬಿಸಿಗಾಳಿ ಒಳನುಗ್ಗುತ್ತದೆ.

ಎರಡನೆಯದು ತಂಪಿನ ಗುಬುಟು. ಒಳಗೆ ಜಾರಿದ ಲಸಿಕೆ ಪೆಟ್ಟಿಗೆ ಥರ್ಮೋಸ್ಟ್ಯಾಟ್ ಗುಬುಟಿಗೆ ತಾಗಿ ಅದನ್ನು ತಿರುಗಿಸಿಬಿಡಬಹುದು. ಕಡಿಮೆಯ ಕಡೆಗೆ ತಿರುಗಿದರೆ ಲಸಿಕೆ ಬಿಸಿಯಾಗುತ್ತದೆ, ಹೆಚ್ಚಿನ ಕಡೆಗೆ ತಿರುಗಿದರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದರೆ ಇನ್ನೂ ಒಳ್ಳೆಯದು ಎಂದು ತಿಳಿದವರಿದ್ದಾರೆ. ಅದು ತಪ್ಪು. ಎಣ್ಣೆ ಬೆರೆತ ಲಸಿಕೆಯಾಗಲಿ, ಪಟಿಕದಂಥ ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆಯಾಗಲಿ ಒಮ್ಮೆ ಗಡ್ಡೆ ಕಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು.

ಮೂರನೆಯದು ಕಣ್ಣಿಗೆ ಕಾಣದ್ದು. ಫ್ರಿಜ್ಜಿನ ಹಿಂಭಾಗದ ಕೆಳಗೆ ಕಂಪ್ರೆಸರ್ ಇದೆಯಷ್ಟೆ? ಅದರಿಂದ ಹೊರಡುವ ಸಣ್ಣ ಕೊಳವೆಗಳು ಫ್ರಿಜ್ಜಿನ ಮೈಗೆ ಅಥವಾ ವ್ಯಾನಿನ ತಗಡಿಗೆ ದಿನವೂ ಉಜ್ಜುತ್ತಿದ್ದರೆ ಒಂದು ದಿನ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಗ್ಯಾಸ್ ಮೆಲ್ಲನೆ ಸೋರಿಹೋಗುತ್ತದೆ. ಆಮೇಲೆ ಬಾಗಿಲು ತೆಗೆದರೆ ಲೈಟು ಉರಿಯುತ್ತದೆ, ಮೋಟಾರು ಓಡುತ್ತದೆ, ತಂಪು ಮಾತ್ರ ಇರುವುದಿಲ್ಲ. ಒಳಗೊಂದು ತಾಪಮಾಪಕ ಇಟ್ಟು ಬೆಳಿಗ್ಗೆ ಸಂಜೆ ಬರೆದಿಡದಿದ್ದರೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಪ್ಲಗ್ ಸಡಿಲಗೊಂಡು ಕಳಚಿಕೊಳ್ಳುವುದು ಇನ್ನೊಂದು ಸಾಮಾನ್ಯ ತೊಂದರೆ.

ಇವೆಲ್ಲ ಲಸಿಕೆಯ ಮಾತಾಯಿತು. ಒಳಗೆ ಕೂತ ಮನುಷ್ಯರ ಮಾತೂ ಇದೆ. 40 ಕಿಲೋ ಫ್ರಿಜ್, ಒಳಗೆ 20 ಕಿಲೋ ಸಾಮಾನು ಎಂದರೆ ಒಟ್ಟು 60 ಕಿಲೋ. ವಾಹನ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮರಕ್ಕೋ ಲಾರಿಗೋ ಡಿಕ್ಕಿ ಹೊಡೆದು ನಿಂತರೆ, ಕಟ್ಟದ ಫ್ರಿಜ್ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಆ ಪೆಟ್ಟು, ಅದೇ ಫ್ರಿಜ್ ಸುಮಾರು 20 ಅಡಿ ಎತ್ತರದಿಂದ ಮೈಮೇಲೆ ಬಿದ್ದದ್ದಕ್ಕೆ ಸಮ. ಮುಂದಿನ ಸೀಟಿನಲ್ಲಿ ಡ್ರೈವರ್ ಮತ್ತು ಡಾಕ್ಟರ್ ಕೂತಿರುತ್ತಾರೆ.

ಮೊದಲು ಸಡಿಲವಾದದ್ದು ಯಾವುದೆಂದು ಹುಡುಕಿ

ಒಮ್ಮೆ ಒಂದು ಸಂಘದ ಮುಂದೆ ವ್ಯಾನ್ ನಿಲ್ಲಿಸಿದಾಗ, ಹಾಲು ಹಾಕಲು ಬಂದಿದ್ದ ಅಜ್ಜಿಯೊಬ್ಬರು ಒಳಗೆ ಇಣುಕಿ ನೋಡಿ, "ಇದೇನ್ ಡಾಕ್ಟ್ರೇ, ನಿಮ್ ಬೀರು ಒಳ್ಳೆ ತೇರು ಕುಣ್ದಂಗ್ ಕುಣೀತದೆ, ಒಂದ್ ಹಗ್ಗ ಆದ್ರೂ ಕಟ್ಬಾರ್ದಾ?" ಎಂದರು. ಹಗ್ಗ ಆಗಲೇ ಕಟ್ಟಿತ್ತು. ತಳದ ಮೊಳೆ ಕಿತ್ತಿದ್ದರೆ ಮೇಲಿನ ಹಗ್ಗ ಏನು ಮಾಡೀತು?

ಫ್ರಿಜ್ಜಿನ ತಲೆಯ ಎರಡೂ ಬದಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ ನೋಡಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ತಳ ನೋಡಲಿ. ಫ್ರಿಜ್ ತನ್ನ ಚೌಕಟ್ಟಿನೊಳಗೆ ಆಡುತ್ತಿದೆಯೇ? ಅಥವಾ ಚೌಕಟ್ಟೇ ನೆಲದಿಂದ ಏಳುತ್ತಿದೆಯೇ? ನೆಲವೇ ಮೆತ್ತಗಾಗಿದೆಯೇ? ಮೂರಕ್ಕೂ ರಿಪೇರಿ ಬೇರೆ ಬೇರೆ. ನಮ್ಮ ವಾಹನಗಳಲ್ಲಿ ಮೂರನೆಯದು ಹೆಚ್ಚು ಎಂಬುದು ನನ್ನ ಅನುಭವ. ವ್ಯಾನಿನ ತಗಡಿನ ಮೇಲೆ ಪ್ಲೈವುಡ್ ಹಲಗೆ ಹಾಸಿ, ಚೌಕಟ್ಟನ್ನು ಸ್ಕ್ರೂಗಳಿಂದ ಆ ಹಲಗೆಗೆ ಮಾತ್ರ ಕೂರಿಸಿರುತ್ತಾರೆ. ರೋಗಾಣು ನಾಶಕ ಹಾಕಿ ವಾಹನವನ್ನು ದಿನವೂ ತೊಳೆಯುತ್ತೇವೆ. ನೀರು ಕುಡಿದ ಪ್ಲೈವುಡ್ ಪದರ ಬಿಡುತ್ತದೆ, ಸ್ಕ್ರೂ ತೂತು ಹಿಗ್ಗುತ್ತದೆ. ಅದೇ ತೂತಿಗೆ ಸ್ವಲ್ಪ ದಪ್ಪ ಸ್ಕ್ರೂ ಹಾಕಿದರೆ ತಿಂಗಳೊಪ್ಪತ್ತು ನಿಂತು ಮತ್ತೆ ಕೀಳುತ್ತದೆ.

ಇದು ನಮ್ಮ ಊರಿನ ತೊಂದರೆ ಮಾತ್ರವಲ್ಲ. ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ಟ್ರೈಲರ್‌ಗಳಿವೆ. ಅವುಗಳಲ್ಲಿ ಮರದ ಗೂಡಿನೊಳಗೆ ಸ್ಕ್ರೂ ಹಾಕಿ ಕೂರಿಸಿದ ಫ್ರಿಜ್ ಪ್ರಯಾಣದ ಅದುರಿಗೆ ಸಡಿಲಗೊಂಡು ಗೂಡಿನಿಂದ ಹೊರಕ್ಕೆ ಜರುಗುವುದುಂಟು. ಅಲ್ಲಿ ಮಾಡುವ ಉಪಾಯ ನಮ್ಮ ಬಡಗಿಗಳಿಗೂ ಗೊತ್ತಿರುವುದೇ: ಹಿಗ್ಗಿದ ತೂತಿಗೆ ಅಂಟು ಸವರಿದ ಗಟ್ಟಿಮರದ ಗೂಟ ಬಡಿದು, ಒಣಗಿದ ಮೇಲೆ ಹೊಸದಾಗಿ ತೂತು ಕೊರೆದು ಸ್ಕ್ರೂ ಹಾಕುವುದು, ಜೊತೆಗೆ ಫ್ರಿಜ್ಜಿನ ಬುಡಕ್ಕೆ ಒತ್ತಿಕೊಂಡಂತೆ ಒಂದು ಮರದ ಅಡ್ಡಪಟ್ಟಿ ಕೂರಿಸುವುದು. ಒಣ ಮರಕ್ಕೆ ಇದು ಸರಿ. ನೀರು ಬೀಳುವ ನಮ್ಮ ಪಶುವೈದ್ಯ ವಾಹನಕ್ಕೆ ನಾನು ಇದನ್ನು ಸೂಚಿಸುವುದಿಲ್ಲ.

ಬಿಗಿ ಮಾಡುವ ಕ್ರಮ

ಕೊಳೆತ ಹಲಗೆ ಕಿತ್ತುಹಾಕಿ ಹೊಸದು ಹಾಸಬೇಕು. ಚೌಕಟ್ಟನ್ನು ಒಂದೂವರೆ ಇಂಚಿನ ಕಬ್ಬಿಣದ ಆಂಗಲ್‌ನಿಂದ ಮಾಡಿಸಿ, ಫ್ರಿಜ್ಜಿನ ನಾಲ್ಕೂ ಮೂಲೆ ಅದರೊಳಗೆ ಕೂರುವಂತಿರಲಿ. ಚೌಕಟ್ಟನ್ನು ನೆಲಕ್ಕೆ ಹಿಡಿಸುವಾಗ ಸ್ಕ್ರೂ ಬೇಡ. 8 ಮಿಲಿಮೀಟರ್ ಬೋಲ್ಟ್ ಹಲಗೆ ಮತ್ತು ತಗಡು ಎರಡನ್ನೂ ದಾಟಿ ಕೆಳಗೆ ಬರಲಿ. ಕೆಳಗಡೆ ಬರೀ ವಾಷರ್ ಹಾಕಿದರೆ ಎಳೆತಕ್ಕೆ ತಗಡನ್ನೇ ಹರಿದುಕೊಂಡು ಬರುತ್ತದೆ. ಮೂರು ಇಂಚು ಚೌಕದ, 3 ಮಿಲಿಮೀಟರ್ ದಪ್ಪದ ಕಬ್ಬಿಣದ ಬಿಲ್ಲೆ ಕೊಟ್ಟು, ಒಳಗೆ ನೈಲಾನ್ ಬಳೆ ಇರುವ ನಟ್ ಬಿಗಿಯಬೇಕು. ಅದುರಿದರೂ ಅದು ಸುಲಭವಾಗಿ ಬಿಚ್ಚುವುದಿಲ್ಲ. ಕೊರೆದ ತೂತಿನ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿಯುವುದನ್ನು ಮರೆಯಬಾರದು.

ಡ್ರಿಲ್ ಹಿಡಿಯುವ ಮೊದಲು ಒಬ್ಬರು ವಾಹನದ ಕೆಳಗೆ ಮಲಗಿ ನೋಡಲೇಬೇಕು. ಡೀಸೆಲ್ ಪೈಪು, ಬ್ರೇಕ್ ಎಣ್ಣೆಯ ಪೈಪು, ವೈರುಗಳು ನೆಲದ ತಗಡಿಗೆ ಅಂಟಿಕೊಂಡೇ ಹೋಗಿರುತ್ತವೆ. ಬ್ರೇಕ್ ಪೈಪಿಗೆ ತೂತು ಮಾಡಿದ ಮೇಲೆ ಫ್ರಿಜ್ ಎಷ್ಟು ಗಟ್ಟಿ ನಿಂತರೇನು?

ಬುಡವಷ್ಟೇ ಗಟ್ಟಿಯಾದರೆ ಸಾಲದು. ಫ್ರಿಜ್ ಎತ್ತರದ ವಸ್ತು, ತಲೆ ವಾಲುತ್ತದೆ. ಆದ್ದರಿಂದ ಎತ್ತರದ ಮೂರನೆಯ ಎರಡು ಭಾಗದಲ್ಲಿ ಒಂದು ರ‍್ಯಾಚೆಟ್ ಬೆಲ್ಟ್ ಸುತ್ತಿ, ವ್ಯಾನಿನ ಗೋಡೆಯ ಒಳಕಂಬಕ್ಕೆ ಕೊಕ್ಕೆ ಹಾಕಬೇಕು. ಕಂಬಗಳ ನಡುವಿನ ತಗಡು ತೆಳುವಾದದ್ದು, ಅದಕ್ಕೆ ಹಾಕಿದ ಕೊಕ್ಕೆ ನಿಲ್ಲದು. ಬೆಲ್ಟ್ ತಾಗುವ ಮೂಲೆಗಳಿಗೆ ಹಳೆಯ ಟೈರ್ ಟ್ಯೂಬಿನ ತುಂಡು ಕೊಡಿ. ಪಾದಗಳ ಕೆಳಗೆ ಗಟ್ಟಿ ರಬ್ಬರ್ ಇರಲಿ. ಮೆತ್ತನೆಯ ಸ್ಪಂಜು ಹಾಕಿದರೆ ಫ್ರಿಜ್ ಉಯ್ಯಾಲೆಯಾಡುತ್ತದೆ.

ಎಷ್ಟು ಬಲಕ್ಕೆ ತಡೆಯಬೇಕು ಎಂಬುದಕ್ಕೆ ಯುರೋಪಿನ ಸರಕು ಸಾಗಣೆಯಲ್ಲಿ ಬಳಸುವ ಒಂದು ಲೆಕ್ಕವಿದೆ. ಮುಂದಕ್ಕೆ ತೂಕದ ಶೇಕಡಾ 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇಕಡಾ 50ರಷ್ಟು ಬಲವನ್ನು ತಾಳಬೇಕು. ನಮ್ಮ 60 ಕಿಲೋ ಫ್ರಿಜ್ಜಿಗೆ ಇದು ಮುಂದಕ್ಕೆ 48 ಕಿಲೋ, ಪಕ್ಕಕ್ಕೆ 30 ಕಿಲೋ ಆಯಿತು. ಇದು ಬ್ರೇಕ್ ಹಾಕುವ, ತಿರುವು ತೆಗೆದುಕೊಳ್ಳುವ ದಿನನಿತ್ಯದ ಓಡಾಟದ ಲೆಕ್ಕ. ಡಿಕ್ಕಿಯ ಬಲ ಇದರ ಎಷ್ಟೋ ಪಟ್ಟು. ಇಬ್ಬರು ಗಟ್ಟಿಯಾಳುಗಳು ಒಂದೇ ಕಡೆಯಿಂದ ನೂಕಿದರೆ ಫ್ರಿಜ್ ಕದಲಬಾರದು ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಡ್ರೈವರ್ ಸೀಟಿಗೂ ಹಿಂಭಾಗಕ್ಕೂ ನಡುವೆ ಕಬ್ಬಿಣದ ತಡೆ ಇರುವುದು ಇನ್ನೂ ಕ್ಷೇಮ.

ಜಾಗವೂ ಮುಖ್ಯ. ಹಿಂದಿನ ಚಕ್ರಗಳಿಗಿಂತ ಹಿಂದಕ್ಕೆ, ಹಿಂಬಾಗಿಲ ಬಳಿ ಇಟ್ಟರೆ ಪ್ರತಿ ಗುಂಡಿಗೂ ಫ್ರಿಜ್ ಎಗರುತ್ತದೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರಗಳ ಮುಂದೆ ಇರಲಿ. ಸಾಧ್ಯವಾದರೆ ಫ್ರಿಜ್ಜಿನ ಬೆನ್ನು ಡ್ರೈವರ್ ಕಡೆಗಿರಲಿ. ಆಗ ಬ್ರೇಕ್ ಹಾಕಿದಾಗ ಒಳಗಿನ ಬಾಟಲಿಗಳು ಹಿಂಗೋಡೆಗೆ ಒತ್ತುತ್ತವೆಯೇ ಹೊರತು ಬಾಗಿಲಿಗಲ್ಲ. ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಅಥವಾ ಬೆಲ್ಟ್ ಬೇಕೇ ಬೇಕು.

ಮಾಡಬಾರದ ಎರಡು ರಿಪೇರಿಗಳು

ಫ್ರಿಜ್ ಅಲ್ಲಾಡುತ್ತದೆಂದು ಅದರ ಮೈಗೇ ಸ್ಕ್ರೂ ಹೊಡೆದು ಗೋಡೆಗೆ ಹಿಡಿಸುವುದನ್ನು ಕೆಲವು ಗ್ಯಾರೇಜುಗಳಲ್ಲಿ ಮಾಡುತ್ತಾರೆ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಬಿಸಿ ಹೊರಹಾಕುವ ಕೊಳವೆಗಳು ಹಿಂಭಾಗದ ಜಾಲರಿಯಲ್ಲಿಲ್ಲ, ಎರಡೂ ಪಕ್ಕದ ತಗಡಿನ ಒಳಗೇ ಹರಿದಾಡುತ್ತವೆ. ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಒಂದೇ ಒಂದು ಸ್ಕ್ರೂ ಕೊಳವೆಗೆ ತಾಗಿದರೆ ಫ್ರಿಜ್ ಹೋದಂತೆ. ಇನ್ನೂ ಒಂದು ಮಾತು: ಫ್ರಿಜ್ಜಿನ ಹಿಂದಿನ ಪಟ್ಟಿಯಲ್ಲಿ ಆರ್-600ಎ ಎಂದು ಬರೆದಿದ್ದರೆ ಒಳಗಿರುವುದು ಉರಿಯುವ ಗ್ಯಾಸ್. ಮುಚ್ಚಿದ ವಾಹನದಲ್ಲಿ ಅದು ಸೋರಿದರೆ ಒಂದು ಕಿಡಿ ಸಾಕು. ಮೈಗೆ ತೂತು ಬೇಡ. ಚೌಕಟ್ಟು ಮತ್ತು ಬೆಲ್ಟ್ ಹೊರಗಿನಿಂದಲೇ ಹಿಡಿಯಲಿ.

ಎರಡನೆಯದು, ಸಂದಿಗೆ ಗೋಣಿಚೀಲವನ್ನೋ ಥರ್ಮಾಕೋಲನ್ನೋ ತುರುಕುವುದು. ಅಲ್ಲಾಟ ಆ ಗಳಿಗೆಗೆ ನಿಲ್ಲುತ್ತದೆ, ನಿಜ. ಆದರೆ ಹಿಂದೆ ಮತ್ತು ಪಕ್ಕದಲ್ಲಿ ಎರಡು ಇಂಚಾದರೂ ಗಾಳಿಗೆ ಜಾಗವಿಲ್ಲದಿದ್ದರೆ ಬಿಸಿ ಹೊರಹೋಗದು. ಕಂಪ್ರೆಸರ್ ಎಡೆಬಿಡದೆ ಓಡಿ ಸುಡುತ್ತದೆ, ವಾಹನದ ಬ್ಯಾಟರಿ ಇಳಿಯುತ್ತದೆ, ಕೊನೆಗೆ ಒಳಗಿನ ಶಾಖ ಏರುತ್ತದೆ.

ಬಿಗಿ ಮಾಡಿದ ಮೇಲೆ ನಟ್ ಮತ್ತು ಬೋಲ್ಟ್ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ನಟ್ ತಿರುಗಿದರೆ ಗೆರೆ ಮುರಿಯುತ್ತದೆ. ಪಾನಾ ಹಿಡಿಯದೆ ಕಣ್ಣಿಗೇ ತಿಳಿಯುತ್ತದೆ. ಮೊದಲ 100 ಕಿಲೋಮೀಟರ್ ಓಡಿದ ನಂತರ ಒಮ್ಮೆ ಮತ್ತೆ ಬಿಗಿಯಬೇಕು, ಆಮೇಲೆ ತಿಂಗಳಿಗೊಮ್ಮೆ ನೋಡಿದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಒಂದಿದೆ. ಮನೆಬಳಕೆಯ ಫ್ರಿಜ್ ದಿನವಿಡೀ ಓಡುವ ವಾಹನಕ್ಕೆ ಮಾಡಿದ್ದಲ್ಲ. ಅದರ ಕಂಪ್ರೆಸರಿನೊಳಗೆ ಮೋಟಾರು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಎಷ್ಟೇ ಗಟ್ಟಿ ಕಟ್ಟಿದರೂ ಗುಂಡಿಯ ಪೆಟ್ಟು ಅದಕ್ಕೆ ತಟ್ಟುತ್ತದೆ. ಒಂದು ದಿನದ ಲಸಿಕೆ ಕಾರ್ಯಕ್ರಮಕ್ಕೆ ಫ್ರಿಜ್ ಶಿಬಿರ ಕಚೇರಿಯಲ್ಲೇ ಇರಲಿ, ವಾಹನದಲ್ಲಿ ಐಸ್ ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆ ಹೋಗಲಿ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ನೇರವಾಗಿ ಲಸಿಕೆಗೆ ತಾಗಿಸಿ ಇಡಬೇಡಿ. ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಎಂದ ಮೇಲೆ ಪೆಟ್ಟಿಗೆಗೆ ಹಾಕಿ. ಈ ಪೆಟ್ಟಿಗೆಯನ್ನೂ ಕಟ್ಟಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ದ್ರವ ಸಾರಜನಕದ ಪಾತ್ರೆ

ಫ್ರಿಜ್ಜಿಗಿಂತ ನಾಜೂಕಾದದ್ದು, ಸದಸ್ಯರ ಜೇಬಿಗೆ ಇನ್ನೂ ನೇರವಾಗಿ ತಟ್ಟುವಂಥದ್ದು, ವೀರ್ಯನಳಿಕೆಗಳನ್ನು ಇಡುವ ದ್ರವ ಸಾರಜನಕದ ಪಾತ್ರೆ. ಒಳಗೆ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಚಳಿ. ಪಾತ್ರೆಗೆ ಎರಡು ಗೋಡೆ, ನಡುವೆ ನಿರ್ವಾತ. ಸಾಮಾನ್ಯ ಪಾತ್ರೆಯಲ್ಲಿ ಒಳಪಾತ್ರೆ ಬಹುಮಟ್ಟಿಗೆ ಕುತ್ತಿಗೆಯ ತೆಳು ಕೊಳವೆಯಿಂದಲೇ ನೇತಾಡುತ್ತಿರುತ್ತದೆ, ಬಾವಿಗೆ ಇಳಿಬಿಟ್ಟ ಕೊಡದಂತೆ. 35 ಲೀಟರ್ ದ್ರವದ ತೂಕವೇ 28 ಕಿಲೋ. ಪಾತ್ರೆ ಪಕ್ಕಕ್ಕೆ ಬಡಿದರೆ ಅಷ್ಟೂ ಭಾರ ಆ ಕುತ್ತಿಗೆಯ ಮೇಲೆ ಬೀಳುತ್ತದೆ. ಕುತ್ತಿಗೆ ಬಿರುಕು ಬಿಟ್ಟರೆ ನಿರ್ವಾತ ಹೋಯಿತು. ತಿಂಗಳುಗಟ್ಟಲೆ ಇರಬೇಕಾದ ದ್ರವ ಬಹುಬೇಗ ಆವಿಯಾಗುತ್ತದೆ.

ಹೊರಮೈ ಮೇಲೆ ಬೆವರು ಅಥವಾ ಮಂಜು ಕಂಡರೆ ಪಾತ್ರೆ ಕೆಟ್ಟಿದೆಯೆಂದು ತಿಳಿಯಬೇಕು. ಆ ಕೂಡಲೇ ನಳಿಕೆಗಳನ್ನು ಒಳ್ಳೆಯ ಪಾತ್ರೆಗೆ ಬದಲಿಸಬೇಕು. ಮಟ್ಟ ಅಳೆಯಲು ಮರದ ಕಡ್ಡಿಯನ್ನೇ ಬಳಸಿ. ಟೊಳ್ಳು ಕೊಳವೆ ಇಳಿಸಿದರೆ ದ್ರವ ಅದರ ಮೂಲಕ ಮುಖಕ್ಕೆ ಚಿಮ್ಮುತ್ತದೆ.

ಮೋಟಾರ್ ಸೈಕಲ್ಲಿನಲ್ಲಿ 3 ಲೀಟರ್ ಪಾತ್ರೆ ಒಯ್ಯುವ ಕಾರ್ಯಕರ್ತರು ಅದನ್ನು ಹ್ಯಾಂಡಲಿಗೆ ನೇತುಹಾಕುವುದನ್ನು ಬಿಡಬೇಕು. ಹಿಂದಿನ ಕ್ಯಾರಿಯರಿಗೆ ಕಬ್ಬಿಣದ ಪಟ್ಟಿಯ ಗೂಡು ಮಾಡಿಸಿ, ಒಳಗೆ ದಪ್ಪ ರಬ್ಬರ್ ಹಾಸಿ, ನೇರವಾಗಿ ನಿಲ್ಲಿಸಿ ಬೆಲ್ಟ್ ಬಿಗಿಯಬೇಕು. ಜೀಪು ವ್ಯಾನುಗಳಲ್ಲಿ ದೊಡ್ಡ ಪಾತ್ರೆ ಸಾಗಿಸುವುದಾದರೆ ಸಾಗಣೆಗೆಂದೇ ಮಾಡಿದ ಪಾತ್ರೆ ಬೇಕು. ಅದರೊಳಗೆ ಒಳಪಾತ್ರೆಗೆ ಹೆಚ್ಚುವರಿ ಆಧಾರವಿರುತ್ತದೆ. ಶೇಖರಣೆಯ ಪಾತ್ರೆಯನ್ನು ಊರೂರು ತಿರುಗಿಸಬಾರದು. ಮುಚ್ಚಳ ಅಲ್ಲಾಡುತ್ತದೆಂದು ಟೇಪ್ ಸುತ್ತಿ ಭದ್ರ ಮಾಡುವುದಂತೂ ಅಪಾಯ. ಆವಿ ಹೊರಹೋಗಲೇಬೇಕು, ಇಲ್ಲದಿದ್ದರೆ ಒತ್ತಡ ಏರಿ ಪಾತ್ರೆ ಸಿಡಿಯಬಹುದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಗಾಜು ಏರಿಸಿದ ವಾಹನದಲ್ಲಿ ಪಾತ್ರೆ ಉರುಳಿದರೆ ವಾಸನೆಯಿಲ್ಲದ ಆ ಅನಿಲ ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ವಾಹನ ನಿಲ್ಲಿಸಿ, ಎಲ್ಲ ಬಾಗಿಲು ತೆರೆದು, ಮೊದಲು ಮನುಷ್ಯರು ಇಳಿಯಬೇಕು. ಚರ್ಮಕ್ಕೆ ಸಿಡಿದರೆ ಉಜ್ಜದೆ ಉಗುರುಬೆಚ್ಚಗಿನ ನೀರು ಹಾಕಿ ಆಸ್ಪತ್ರೆಗೆ ಹೋಗಬೇಕು.

ಸದಸ್ಯರಿಗೆ ಇದರಿಂದ ಏನು ನಷ್ಟ ಎಂದರೆ, ಸತ್ತ ವೀರ್ಯದಿಂದ ಗರ್ಭಧಾರಣೆ ಮಾಡಿಸಿದ ಹಸು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಎರಡು ಬಾರಿ ಹೀಗಾದರೆ ಒಂದೂವರೆ ತಿಂಗಳ ಮೇವು, ಹಿಂಡಿ ದಂಡ. ಕರು ಹಾಕುವುದೂ ಅಷ್ಟೇ ತಡ. ಊರಿನಲ್ಲಿ ಒಂದೇ ತಿಂಗಳಲ್ಲಿ ಹಲವು ಹಸುಗಳು ಹೀಗೆ ತಿರುಗಿ ಬೆದೆಗೆ ಬಂದರೆ ಹಸುಗಳನ್ನು ದೂರುವ ಮೊದಲು ಸಂಘದ ಕಾರ್ಯದರ್ಶಿಗಳು ಪಾತ್ರೆಯ ಮೈಮುಟ್ಟಿ ನೋಡಲಿ, ಮಟ್ಟದ ಪುಸ್ತಕ ನೋಡಲಿ. ಹಾಗೆಯೇ ಲಸಿಕೆ ಹಾಕಲು ಬಂದವರಲ್ಲಿ "ತಾಪಮಾಪಕ ಎಷ್ಟು ತೋರಿಸುತ್ತಿದೆ, ತೋರಿಸಿ ಸ್ವಾಮಿ" ಎಂದು ಕೇಳುವುದಕ್ಕೆ ಯಾವ ಸದಸ್ಯರೂ ಸಂಕೋಚಪಡಬೇಕಾಗಿಲ್ಲ.

ಸಂಘದ ಫ್ರಿಜ್ ಸಾಗಿಸುವಾಗ

ಸಂಘದ ಕಟ್ಟಡ ಬದಲಾದಾಗಲೋ, ಹಳೆಯ ಫ್ರಿಜ್ ಕೊಂಡಾಗಲೋ ಟ್ರಾಕ್ಟರ್ ಟ್ರೈಲರಿನಲ್ಲಿ ಮಲಗಿಸಿಕೊಂಡು ಬರುವುದುಂಟು. ಟ್ರೈಲರಿಗೆ ಅದುರು ತಡೆಯುವ ವ್ಯವಸ್ಥೆ ಅಷ್ಟಕ್ಕಷ್ಟೆ, ಆದ್ದರಿಂದ ಗೂಡ್ಸ್ ಆಟೋ ಸಿಕ್ಕರೆ ಲೇಸು. ಒಣಹುಲ್ಲಿನ ಮೇಲೆ ಹಲಗೆ ಹಾಕಿ, ಫ್ರಿಜ್ ನೇರವಾಗಿ ನಿಲ್ಲಿಸಿ, ಮುಂದಿನ ಗೋಡೆಗೆ ಒರಗಿಸಿ, ಎರಡು ಎತ್ತರದಲ್ಲಿ ಹಗ್ಗ ಹಾಕಿ. ಹಗ್ಗ ಹಿಂಭಾಗದ ಕೊಳವೆಗಳ ಮೇಲೆ ಬರದಂತೆ ರಟ್ಟು ಕೊಡಿ. ಒಳಗಿನ ತಟ್ಟೆಗಳನ್ನು ತೆಗೆದು ಬೇರೆ ಇಡಿ. ಮಲಗಿಸಿಯೇ ತರಬೇಕಾಗಿ ಬಂದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿದಿರುತ್ತದೆ. ನೇರ ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಮರುದಿನ ಸ್ವಿಚ್ ಹಾಕಿ. ಸ್ವಿಚ್ ಹಾಕಿದ ಮೇಲೂ ಒಳಗಿನ ತಾಪಮಾಪಕ 2ರಿಂದ 8 ಡಿಗ್ರಿಯ ನಡುವೆ ಒಂದು ಇಡೀ ದಿನ ನಿಂತದ್ದನ್ನು ನೋಡಿದ ನಂತರವೇ ಲಸಿಕೆ ಒಳಗಿಡಬೇಕು.